ಸದ್ದಿಲ್ಲದ ಗಾಡಿಯಲ್ಲಿ ಬೋರಲಿಂಗಯ್ಯ

ಸ್ಟಾರ್ಟ್ ಆದೆನೆಂದು ಗಾಡಿಯೇ ಬಾಯಿಬಿಟ್ಟು ಹೇಳಬೇಕು. ಬ್ಯಾಟರಿ ಗಾಡಿಗೆ ಆ ಸೌಜನ್ಯವಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಹೊಂಗನೂರಿನ ಬೋರಲಿಂಗಯ್ಯ ಅಂಥದೊಂದು ಪಿಕಪ್ಪನ್ನು ಓಡಿಸಿ ನೋಡಲು ಹತ್ತಿ ಕೂತ. ಕೀ ತಿರುಗಿಸಿ ಕಿವಿಗೊಟ್ಟ. ಉಸಿರೇ ಇಲ್ಲ.

"ಸತ್ತೋಗೈತಲ್ಲಪ್ಪ ಇದು!" ಎಂದು ಪೆಡಲನ್ನು ಬಲವಾಗಿ ಒತ್ತಿದ. ಗಾಡಿ ಗೂಡಿನ ಚೀಲಗಳಿಗೆ ನುಗ್ಗಿತು. ಯಾರೋ ಹರಾಜಿಗೆ ತಂದಿಟ್ಟಿದ್ದ ಚೀಲ ಒಡೆದು ಹಳದಿ ರೇಷ್ಮೆಗೂಡುಗಳು ರಸ್ತೆ ತುಂಬ ಉರುಳಿದವು.

"ಏನ್ಲಾ ಬೋರಲಿಂಗ, ಎದ್ದಿರೋದ್ನ ಎಬ್ಬುಸ್ತಿದ್ದೀಯಾ?" ಎಂದ ಹಮಾಲಿ ವಜೀರಾ. ಎಲ್ಲರೂ ನಕ್ಕರು. ಮಂಡಿಯೂರಿ ಗೂಡು ಆರಿಸುತ್ತಿದ್ದ ಬೋರಲಿಂಗಯ್ಯ ನಗಲಿಲ್ಲ.

ಅಲ್ಲಿಯವರೆಗೆ ಅವನಿಗೆ ಇದ್ದದ್ದು ಮೂರು ಚಕ್ರದ ಡೀಸೆಲ್ ಗಾಡಿ. ಜೊತೆಗೆ ಗೆಳೆಯ ಅಂಕಯ್ಯ. ರೇಷ್ಮೆಹುಳು ಹೊಗೆ ತಡೆಯದು. ಅದಕ್ಕೇ ಹುಳಮನೆಯ ಹತ್ತಿರ ಗಾಡಿ ತರಲು ಯಾರೂ ಬಿಡರು. ಬೋರಲಿಂಗಯ್ಯ ದೂರದ ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡು ಕೂರುವನು. ಒಮ್ಮೆ ಆರಿಸಿದರೆ ತಳ್ಳದೆ ಹೊರಡದ ಇಂಜಿನ್ನಾದ್ದರಿಂದ ಅದು ಗಡಗಡ ಎನ್ನುತ್ತಲೇ ಇರುವುದು. ಅಂಕಯ್ಯ ಚೀಲಗಳನ್ನು ಹೊತ್ತು ತರುವನು.

ಹೋದ ವರ್ಷ ಒಂದು ಬೆಳಿಗ್ಗೆ ಚೀಲ ಹೊತ್ತು ಬಂದವನು ಗಾಡಿಯ ಹಿಂದೆಯೇ ಎದೆ ಹಿಡಿದುಕೊಂಡು ಕುಸಿದ. ಕೂಗಿದನಂತೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರಿಗೂ ಕೇಳಿಸಿತಂತೆ. ಇಂಜಿನ್ನಿನ ಪಕ್ಕ ಕೂತವನಿಗೆ ಕೇಳಿಸಲಿಲ್ಲ.

ಅಂಕಯ್ಯ ಸತ್ತಮೇಲೆ ಕೇಳಿಸತೊಡಗಿತು. ಓಡುವ ಗಾಡಿಯ ಗಡಗಡದೊಳಗಿಂದ, "ಲೇ ಬೋರಾ, ಒಸಿ ಬಾರ್ಲಾ." ಬೋರಲಿಂಗಯ್ಯ ನಡುದಾರಿಯಲ್ಲೇ ಇಂಜಿನ್ ಆರಿಸಿ, ಇಳಿದು ಹಿಂದೆ ಹೋಗಿ ನೋಡುವನು. ಚೀಲಗಳು, ಚೀಲದೊಳಗಿನ ಜೀವಗಳ ತೆಳುವಾದ ಬಿಸಿ, ಅಷ್ಟೆ. ಮತ್ತೆ ಗಾಡಿ ತಳ್ಳಿ ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿರುವುದು. ರೈತರು ಒಬ್ಬೊಬ್ಬರಾಗಿ ಬೇರೆ ಗಾಡಿ ನೋಡಿಕೊಂಡರು.

ಬಿಡದಿಯ ಕಾರ್ಖಾನೆಗಳು ಬೆಳೆದಂತೆ ಮೈಸೂರು ರಸ್ತೆಯುದ್ದಕ್ಕೂ ಗಾಡಿ ಮಾರುವವರೂ ಬೆಳೆದಿದ್ದ ಕಾಲ ಅದು. ಅವರಲ್ಲೊಬ್ಬ, ಆ ಪಿಕಪ್ಪನ್ನು ತೋರಿಸಿದ ಪ್ರಕಾಶ್. "ಹೊಗೆ ಇಲ್ಲ ಯಜಮಾನ್ರೇ, ಹುಳಕ್ಕೆ ಹಗೆ ಅಲ್ಲ. ಹುಳಮನೆ ಬಾಗಿಲಿಗೇ ಬುಡಿ. ರಾತ್ರಿ ಚಾರ್ಜಿಗೆ ಹಾಕುದ್ರೆ ಆಯ್ತು."

"ಕರೆಂಟ್ ಇಲ್ದಿದ್ರೆ?"

"ಬಂದಾಗ ಹಾಕಿ."

ಎಷ್ಟು ಭಾರ ಹೊರುತ್ತದೆ, ಕೆರೆ ಏರಿ ಹತ್ತುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರು ಚನ್ನಪಟ್ಟಣದಲ್ಲೇ ಸಿಗುತ್ತಾರೆಯೇ ಎಂದೆಲ್ಲ ಬೋರಲಿಂಗಯ್ಯ ಕೇಳಿದ. ಇಂಜಿನ್ನಿಲ್ಲದ ಗಾಡಿಯಲ್ಲಿ ಸತ್ತವನ ದನಿ ಎಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಕೇಳಲಿಲ್ಲ. ಅದನ್ನು ಹೇಳಿಕೊಂಡದ್ದು ಅಂಕಯ್ಯನ ಹೆಂಡತಿ ಕಾವೇರಮ್ಮನ ಬಳಿ. "ಇದ್ರಾಗೂ ಕರುದ್ರೆ ಗಾಡಿ ಕೆಲ್ಸವೇ ಬ್ಯಾಡ ಕಣಕ್ಕ. ಬುಟ್ಬುಡ್ತೀನಿ."

"ನಾನೂ ಬತ್ತೀನಿ ಬೋರಣ್ಣ," ಎಂದಳು ಆಕೆ. "ನಿನ್ನನ್ನೇ ಕರೀತಾರೆ, ನನ್ನ ಒಂದಿನವೂ ಕರೀಲಿಲ್ಲ. ಒಂದ್ಸಲ ಕೇಳ್ಬೇಕು."

ಪ್ರಕಾಶ್ ಒಂದು ದಿನದ ಮಟ್ಟಿಗೆ ಗಾಡಿ ಕೊಟ್ಟ. ಅದು ಹುಳಮನೆಯ ಬಾಗಿಲಿಗೇ ಹೋಗಿ ನಿಂತಿತು; ಯಾರೂ ಮೂಗು ಮುಚ್ಚಲಿಲ್ಲ. ತುಂಬಿದ ಗಾಡಿ ಕೆರೆ ಏರಿಯನ್ನು ತೊದಲದೆ ಹತ್ತಿತು. ಹುಣಸೆಮರ ಬಂತು. ಟೈರಿನಡಿ ಜಲ್ಲಿ ನುರಿಯುವುದು, ಕಾವೇರಮ್ಮನ ಉಸಿರು, ಎಲೆಯ ಸರಸರ ಎಲ್ಲವೂ ಬೇರೆಬೇರೆಯಾಗಿ ಕೇಳುತ್ತಿದ್ದವು. ಆಕೆ ತಿರುಗಿ ಚೀಲಗಳನ್ನೇ ನೋಡಿದಳು. ಬೋರಲಿಂಗಯ್ಯ ತಿರುಗಲಿಲ್ಲ, ಅವನ ಮುಖ ಬಿಗಿದಿತ್ತು, ಹಣೆಯಲ್ಲಿ ಬೆವರಿತ್ತು. ರಾಮನಗರದವರೆಗೂ ಆಕೆ ಹಿಂದಕ್ಕೇ ಕಿವಿಗೊಟ್ಟು ಕೂತಳು.

ಮಾರುಕಟ್ಟೆಯ ಮುಂದೆ ಗಾಡಿ ನಿಂತಾಗ ಕಾವೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ನಂಗೇನೂ ಕೇಳ್ನಿಲ್ಲ ಬೋರಣ್ಣ. ನಿಂಗೆ? ಕರುದ್ರಾ?"

ಬೋರಲಿಂಗಯ್ಯ ಕೀ ತೆಗೆದು ಜೇಬಿಗಿಳಿಸಿದ.

"ಕರುದ್ನೋ ಏನೋ ಕಣಕ್ಕ. ದಾರಿ ಉದ್ದಕ್ಕೂ ಚಾರ್ಜಿನ ಮುಳ್ಳನ್ನೇ ನೋಡ್ತಾ ಕೂತ್ಬುಟ್ಟಿದ್ದೆ, ಊರಿಗೆ ವಾಪಸ್ ಹೋಗಾಕೆ ಸಾಕಾಯ್ತದೋ ಇಲ್ವೋ ಅಂತ."