ಉಗುರಿಗೆ ತಡೆದ ಏಣು

ಜೂರಾಕಾನಳ ಬೆರಳುಗಳಿಂದ ಡೀಸೆಲ್ ವಾಸನೆ ಹೋದದ್ದೇ ಇಲ್ಲ. ಹಿಟ್ಟು ನಾದಿದರೂ ಅದೇ, ಕುದುರೆ ಹಾಲು ಕರೆದರೂ ಅದೇ. ಮದುವೆಯಾಗಿ ಬಂದ ವಾರಕ್ಕೇ ಗಂಡನ ಅಣ್ಣ ದೋರೊನ್ ಅವಳ ಮುಂದೆ ಒಂದು ಬೋಗುಣಿ ಡೀಸೆಲು, ಕರಿ ಹಿಡಿದ ನಾಲ್ಕು ಪಿಸ್ಟನ್ನು ಇಟ್ಟು, "ತೊಳಿ ತಾಯಿ" ಅಂದಿದ್ದ. ಅವತ್ತು ಕೂತವಳು ಇಪ್ಪತ್ತೆರಡು ವರ್ಷ ತೊಳೆದಳು. ಆ ಮನೆಯಲ್ಲಿ ಸೊಸೆಯಾದವಳು ಭಾವನ ಹೆಸರೆತ್ತುವಂತಿರಲಿಲ್ಲ, ಅವನ ಮಾತಿಗೆ ಎದುರಾಡುವ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಅವಳು ಅವನನ್ನು "ದೊಡ್ಡವರು" ಅನ್ನುತ್ತಿದ್ದಳು.

ಸಾಮೂಹಿಕ ಬೇಸಾಯ ಮುರಿದುಬಿದ್ದು ಟ್ರ್ಯಾಕ್ಟರುಗಳು ಮನೆಮನೆಗೆ ಹಂಚಿಹೋದ ಮೇಲೆ ಸಣ್ಣಪುಟ್ಟದ್ದು ಬಿಟ್ಟರೆ ಹೊಸ ಬಿಡಿಭಾಗ ಬರುವುದೇ ನಿಂತಿತ್ತು. ಯಾವ ಇಂಜಿನ್ನು ಬದುಕುತ್ತದೆ, ಯಾವುದು ಸತ್ತಿತು ಎಂದು ಹೇಳುವವನು ಇಡೀ ಕಣಿವೆಗೆ ದೋರೊನ್ ಒಬ್ಬನೇ. ಇಂಜಿನ್ ಉಸಿರು ಬಿಡುವ ಕೊಳವೆಗೆ ಅಂಗೈ ಒತ್ತಿ ಹಿಡಿದು, ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆಂದು ನೋಡುವನು. ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹನಿಸಿ ಕೈಯಿಂದ ತಿರುಗಿಸುವನು. ಬಿಗಿ ಬಂದರೆ ಸವೆತ ಪಿಸ್ಟನ್ನಿನ ಸುತ್ತ ಕೂರುವ ರಿಂಗಿನಲ್ಲೋ ಲೈನರಿನಲ್ಲೋ ಇದೆ ಎಂದರ್ಥ. ಆಮೇಲೆ ಬಿಚ್ಚಿ, ಪಿಸ್ಟನ್ ಓಡಾಡುವ ಆ ಉಕ್ಕಿನ ಲೈನರಿನೊಳಗೆ ರಿಂಗನ್ನು ಕೂರಿಸಿ, ತುದಿಗಳ ನಡುವಿನ ಸಂದಿಗೆ ತೆಳ್ಳನೆ ತಗಡು ತೂರಿಸಿ ಅಳೆಯುವನು. "ರಿಂಗ್ ಬದಲಿಸಿದ್ರೆ ಸಾಕು" ಅಂತಲೋ, "ಲೈನರ್ ಹೋಯ್ತು" ಅಂತಲೋ ಹೇಳಿ, ಎರಡೂ ಅಂಗೈ ಎತ್ತಿ ಹರಸಿ ಮುಖ ಸವರಿಕೊಳ್ಳುವನು. ಅಲ್ಲಿಗೆ ಮುಗಿಯಿತು. ಹರಸಿದ ಮೇಲೆ ಆ ಮಾತನ್ನು ಯಾರೂ ಕೆದಕುವಂತಿಲ್ಲ.

ಆ ವರ್ಷ ಹಿಮ ಬೀಳುವ ಮುಂಚೆ ಘಟ್ಟದಾಚೆಯ ಹುಲ್ಲು ತರಬೇಕಿತ್ತು. ತರುವವನು ಜೂರಾಕಾನಳ ಗಂಡ ಮೆಂಡಿ. ಅಣ್ಣತಮ್ಮಂದಿರ ಟ್ರ್ಯಾಕ್ಟರು ಎಣ್ಣೆ ಕುಡಿದು ನೀಲಿ ಹೊಗೆ ಕಾರುತ್ತಿತ್ತು. ಘಟ್ಟದ ನೆತ್ತಿಯಲ್ಲಿ ಅದು ನಿಂತರೆ ಅಲ್ಲಿ ಮನೆಯಿಲ್ಲ, ಮರವಿಲ್ಲ.

ಇಂಜಿನ್ ಬಿಚ್ಚಿದರು. ತೊಳೆಯುವಾಗ ಜೂರಾಕಾನ್ ಪ್ರತಿ ಲೈನರಿನೊಳಗೂ ಹೆಬ್ಬೆರಳಿನ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದಳು. ಉಳಿದ ಮೂರರಲ್ಲಿ ಉಗುರು ಜಾರಿಹೋಯಿತು. ಮೂರನೆಯ ಸಿಲಿಂಡರಿನದರಲ್ಲಿ ಮಾತ್ರ, ಮೇಲಿನ ಬಾಯಿಗೆ ಇನ್ನು ಬೆರಳಗಲ ಇದೆ ಎನ್ನುವಾಗ ಟಕ್ಕನೆ ತಡೆಯಿತು. ರಿಂಗು ಉಜ್ಜಿ ಉಜ್ಜಿ ಸವೆದ ಜಾಗಕ್ಕೂ ರಿಂಗು ತಾಗದ ಮೇಲಿನ ಪಟ್ಟಿಗೂ ನಡುವೆ ಎದ್ದ ಏಣು. ಹೊಸ ರಿಂಗಿನ ಹರಿತ ಅಂಚು ಅದಕ್ಕೆ ಬಡಿದರೆ ರಿಂಗು ಮುರಿಯುತ್ತದೆ. ಇದನ್ನು ದೋರೊನ್ನೇ ನೂರು ಸಲ ಹೇಳಿದ್ದನ್ನು ಅವಳು ಕೇಳಿದ್ದಳು.

ಆದರೆ ದೋರೊನನ ಕಣ್ಣಿಗೆ ಪೊರೆ ಬಂದಿತ್ತು. ಮನೆಮಂದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅಂಗಳದಲ್ಲಿ ನೆರೆಯ ಕಾಚಿಕೆ ಚಹಾ ಕುಡಿಯುತ್ತ ಕೂತಿದ್ದ. "ದೋರೊನಣ್ಣಾ, ನಮ್ಮನೇಲಿ ಹಸೀ ಸಗಣಿ ಹಾಕಿದ್ರೂ ಒಲೆ ನಿಮ್ಮ ಟ್ರ್ಯಾಕ್ಟರಿನಷ್ಟು ಹೊಗೆ ಬಿಡಲ್ಲ ಕಣಪ್ಪಾ!"

"ಒಲೆ ಊದೋದು ನಿನ್ನ ಕೆಲ್ಸ, ಊದ್ಕೋ. ಇದು ನನ್ನ ಕೆಲ್ಸ" ಎಂದ ದೋರೊನ್. ಜೂರಾಕಾನ್ ಕೊಟ್ಟ ಆ ಮೂರನೆಯ ಲೈನರನ್ನು ತಡವಿ, ರಿಂಗನ್ನು ಪಿಸ್ಟನ್ನಿನಿಂದ ತಳ್ಳಿದ. ಅದು ಅವನಿಗೆ ಕಾಣದೆ ತಳದವರೆಗೂ ಇಳಿಯಿತು. ತಳದಲ್ಲಿ ಯಾವ ಲೈನರೂ ಸವೆಯುವುದಿಲ್ಲ, ಅಳೆಯಬೇಕಾದದ್ದು ಬಾಯಿಯ ಹತ್ತಿರ. ಅಲ್ಲಿ ತಗಡು ತೂರಿಸಿ ನಕ್ಕ. "ನೋಡೋ, ಕೂದಲೆಳೆಯಷ್ಟು ಸಂದಿ. ರಿಂಗ್ ಸಾಕು."

ಜೂರಾಕಾನ್ ಲೈನರನ್ನು ಮತ್ತೆ ಒರೆಸುವಂತೆ ತೆಗೆದುಕೊಂಡು, ಬಾಯಿ ಅವನ ಕೈಗೆ ತಾಗುವ ಹಾಗೆ ತಿರುಗಿಸಿ ಇಟ್ಟಳು.

"ತೊಳೆದಾಯ್ತಲ್ಲ ತಾಯಿ, ಇನ್ನೂ ಯಾಕೆ ಉಜ್ತೀಯಾ? ಇರೋದೂ ಸವೆದುಹೋಗತ್ತೆ."

ಕಾಚಿಕೆ ಹೋ ಎಂದು ನಕ್ಕ. ದೋರೊನ್ ಅಂಗೈ ಎತ್ತಿದ.

ಒಳಗೆ ಚಹಾ ಕಾಯಿಸುವ ಸಮೋವರಿನ ಹತ್ತಿರ ಅವಳು ಗಂಡನನ್ನು ಹಿಡಿದಳು. ಆ ಸಮೋವರಿನ ಮಣೆಗೆ ಒಂದು ಕಾಲು ಮುರಿದು, ಯಾವುದೋ ಸತ್ತ ಇಂಜಿನ್ನಿನ ಲೈನರೊಂದನ್ನು ಆನಿಕೆ ಕೊಟ್ಟು ಎಷ್ಟೋ ವರ್ಷವಾಗಿತ್ತು.

"ಮೂರನೇದ್ರಲ್ಲಿ ಏಣು ಎದ್ದಿದೆ ರೀ. ಬಾಯಿ ಹತ್ರ ಇನ್ನೊಂದ್ಸಲ ಅಳೀಲಿ ಅನ್ನಿ."

"ಹರಸಿಬಿಟ್ಟ ಕಣೇ."

"ನಾನು ಹೇಳಂಗಿಲ್ಲ. ನೀವು ತಮ್ಮ, ನೀವು ಹೇಳ್ಬೋದು."

"ಏನಂತ ಹೇಳ್ಲಿ? ಕಾಚಿಕೆ ಎದುರಿಗೆ, ಅಣ್ಣಾ ನಿಂಗೆ ಕಣ್ಣು ಕಾಣಲ್ಲ ಅನ್ಲಾ? ನಾಳೆ ಕಣಿವೆಗೆಲ್ಲ ಅದೇ ಮಾತಾಗತ್ತೆ." ಮೆಂಡಿ ಅವಳ ಬೆರಳನ್ನು ಮೂಸಿ, "ಎಂಥಾ ಅತ್ತರು!" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

ಹೊಸ ರಿಂಗು ಹಾಕಿಸಿಕೊಂಡ ಟ್ರ್ಯಾಕ್ಟರು ಹೋಗುವಾಗ ಹೊಗೆಯಿಲ್ಲದೆ ಘಟ್ಟ ಹತ್ತಿತು. ಅಂಗಳದಲ್ಲಿ ನಿಂತು ನೋಡಿದ ಜೂರಾಕಾನಳಿಗೆ ತನ್ನ ಉಗುರಿನ ಮೇಲೇ ಅನುಮಾನ ಬಂತು. ಮಾರನೆಯ ದಿನ ಹಿಮ ಶುರುವಾಯಿತು. ನಾಲ್ಕನೆಯ ದಿನ ಹುಡುಕಹೊರಟ ಕುದುರೆ ಸವಾರರು ಘಟ್ಟದ ನೆತ್ತಿಯಲ್ಲಿ ಮೆಂಡಿಯನ್ನು ಕಂಡರು. ಹುಲ್ಲಿನ ಹೇರು ಹಾಗೇ ಇತ್ತು. ಇಂಜಿನ್ನಿನ ನೀರು ಹೆಪ್ಪುಗಟ್ಟಿ ಒಡೆಯಬಾರದೆಂದು ಮೆಂಡಿ ತನ್ನ ಕುರಿಚರ್ಮದ ಕೋಟು ಬಿಚ್ಚಿ ಅದಕ್ಕೆ ಹೊದಿಸಿದ್ದ. ಈ ಕಡೆಯ ಟ್ರ್ಯಾಕ್ಟರಿನವರೆಲ್ಲ ಮಾಡುವುದೇ ಹಾಗೆ, ಮೊದಲು ಇಂಜಿನ್ನು, ಆಮೇಲೆ ಮೈ. ಅಣ್ಣ ಬರುತ್ತಾನೆ, ಸರಿಮಾಡುತ್ತಾನೆ ಎಂದು ಕಾದಿದ್ದನೋ ಏನೋ, ಬೆನ್ನನ್ನು ಚಕ್ರಕ್ಕೊರಗಿಸಿ ಊರಿನ ಕಡೆ ಮುಖ ಮಾಡಿ ಕೂತಲ್ಲೇ ಸೆಟೆದುಹೋಗಿದ್ದನಂತೆ.

ಹಿಮ ಕರಗಿದ ಮೇಲೆ ಟ್ರ್ಯಾಕ್ಟರನ್ನು ಎಳೆದುತಂದರು. ದೋರೊನ್ ಯಾರನ್ನೂ ಹತ್ತಿರ ಸೇರಿಸದೆ ತಾನೇ ಬಿಚ್ಚಿದ. ಮೂರನೆಯ ಪಿಸ್ಟನ್ನಿನ ಮೇಲಿನ ರಿಂಗು ಮೂರು ತುಂಡಾಗಿತ್ತು, ಲೈನರಿನ ಗೋಡೆ ಉದ್ದಕ್ಕೂ ಕೊರೆದುಹೋಗಿತ್ತು. ಅವನು ಈ ಸಲ ಬೆರಳನ್ನು ಲೈನರಿನ ಬಾಯಿಯ ಹತ್ತಿರ ಆಡಿಸಿದ. ತಡೆಯಿತು.

ಜೂರಾಕಾನ್ ಒಳಗೆ ಹೋಗಿ ಸಮೋವರನ್ನು ಇಳಿಸಿದಳು. ಆನಿಕೆಯ ಲೈನರನ್ನು ಎಳೆದು, ಒಳಗೆ ಉಗುರಾಡಿಸಿದಳು. ತಳದಿಂದ ಬಾಯಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಅದೇ ಅಳತೆ, ಅದೇ ಜಾತಿ. ದಿನಕ್ಕೆ ಮೂರು ಸಲ ಅದರ ಪಕ್ಕದಲ್ಲೇ ಚಹಾ ಬಗ್ಗಿಸಿದ್ದಳು. ಗಂಡನ ಜತೆ ಪಿಸುಗುಟ್ಟಿದ್ದೂ ಅದರ ಪಕ್ಕದಲ್ಲೇ.

ಅದನ್ನು ತಂದು ಭಾವನ ಮುಂದಿಟ್ಟಳು. ಅವನು ತಡವಿ ನೋಡಿ, ತಲೆಯೆತ್ತದೆ ಕೇಳಿದ: "ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ದೋರೊನ್" ಎಂದಳು ಜೂರಾಕಾನ್.

ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಅವನು ಗದರಲಿಲ್ಲ. ಮುಂದೆ ಆ ಅಂಗಳಕ್ಕೆ ಇಂಜಿನ್ನುಗಳು ಬಂದಾಗಲೆಲ್ಲ ಅವಳು ಉಗುರು ಎಳೆದು, ಕಂಡದ್ದನ್ನು ಎಲ್ಲರ ಎದುರಿಗೇ ಗಟ್ಟಿಯಾಗಿ ಹೇಳುತ್ತಿದ್ದಳು. ದೋರೊನ್ ಪಕ್ಕದಲ್ಲಿ ಕೂತಿರುತ್ತಿದ್ದ. ಅಂಗೈ ಮಾತ್ರ ಮತ್ತೆ ಎತ್ತಲಿಲ್ಲ.