ತಲೆಕೆಳಗಾದ ಉಸುಕು

ಫೋಟೊಕ್ಕೆ ಚೌಕಟ್ಟು ಹಾಕಿಸುವುದಿದ್ದರೆ ಗೋಡೆಗೆ ತೂಗುಹಾಕುವ ಹಿಂದಿನ ಕೊಂಡಿಯನ್ನೂ ಅಂಗಡಿಯವನಿಂದಲೇ ಬಡಿಸಿಕೊಳ್ಳಿರಿ. ಇದನ್ನು ಧಾರವಾಡದಿಂದ ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಇವತ್ತು ಅಲ್ಲಿ ಅಣ್ಣನ ಮಗಳು ಗಿರಿಜಾಳ ಮೊದಲ ಫೋಟೊ ಪ್ರದರ್ಶನ. ಕಾರವಾರದ ದಂಡೆಯಲ್ಲಿ ಸಮುದ್ರ ಹಿಂದೆ ಸರಿದಾಗ ಉಸುಕಿನ ಮೇಲೆ ಉಳಿಯುವ ಗೆರೆಗಳನ್ನು ಎರಡು ವರ್ಷ ಕಪ್ಪು-ಬಿಳುಪಿನಲ್ಲಿ ಹಿಡಿದಿದ್ದಾಳೆ. ಚೌಕಟ್ಟಿನವನೊಡನೆ ಚೌಕಾಸಿ ಮಾಡಿ, ಕೊಂಡಿ ನಾವೇ ಬಡಿದುಕೊಳ್ಳುತ್ತೇವೆಂದು ರೇಟು ಇಳಿಸಿದವನು ನಾನು. ಭಾರ ಯಾವಾಗಲೂ ಕೆಳಗಿರಬೇಕೆಂದು ಕಪ್ಪು ಹೆಚ್ಚಿದ್ದ ಬದಿಯನ್ನು ಕೆಳಗೆ ಮಾಡಿ ಬಡಿದೆ, ಗೋಡೆಗೂ ಹಾಕಿದೆ.

ಗಿರಿಜಾ ಬಂದು ಎಲ್ಲಕ್ಕಿಂತ ದೊಡ್ಡ ಫೋಟೊದ ಮುಂದೆ ನಿಂತಳು. "ಕಾಕಾ, ಇದು ತಲಿಕೆಳಗ ಆಗೇತಿ. ನೀರು ಕೊರದ ತಗ್ಗಿದ್ದಲ್ಲೆ ಗುಡ್ಡ ಕಾಣಾಕತ್ತಾವು."

"ಉಸುಕಿಗೆ ಯಾವ ತಲಿ, ಯಾವ ಕಾಲು, ತಂಗಿ? ಯಾರಿಗೂ ತಿಳಿಯಂಗಿಲ್ಲ ಬಿಡು."

ಹಾಗೆಂದರೂ ಕತ್ತು ತಿರುವಿ ನೋಡಿದೆ. ಅವಳು ಹೇಳಿದ್ದು ಖರೇ. ನೆರಳಿನ ಬದಿ ಬದಲಾದರೆ ತಗ್ಗು ದಿಬ್ಬವಾಗಿಬಿಡುತ್ತದೆ.

ಕೊಂಡಿ ಕಿತ್ತು ಮತ್ತೆ ಬಡಿಯೋಣ ಎನ್ನುವಷ್ಟರಲ್ಲಿ ಅವಳ ಮಾಸ್ತರು ಒಳಗೆ ಬಂದರು. ಅವಳ ಕೈಗೆ ಮೊದಲು ಕ್ಯಾಮೆರಾ ಕೊಟ್ಟವರು ಅವರು. ಅವರೊಬ್ಬರು ನೋಡಿದರೆ ಸಾಕೆಂದು ಅವಳು ವಾರದಿಂದ ಹೇಳುತ್ತಿದ್ದಳು.

ಮಾಸ್ತರು ಆ ದೊಡ್ಡ ಫೋಟೊವನ್ನೇ ಬಹಳ ಹೊತ್ತು ನೋಡಿದರು. "ಗುಡ್ಡದ ಸಾಲು ಭಾರಿ ಹಿಡದೀ ನೋಡವಾ. ಇಷ್ಟು ಗುಡ್ಡ ಎಲ್ಲಿ ಸಿಕ್ಕವು ನಿನಗ?"

"ನಮ್ಮ ಕಾಕಾನ್ನ ಕೇಳ್ರಿ ಸರ್, ಗುಡ್ಡ ಮಾಡಿದವರು ಅವರು," ಎಂದು ಗಿರಿಜಾ ಹೊರಗೆ ನಡೆದುಬಿಟ್ಟಳು.

ಮಾಸ್ತರು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು.