ಯಾವ ನೀರು, ತಾಯಿ?

ಮೊನ್ನೆ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಿಂದಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿಯಾಗಿ ಕೂತಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕಾಯಿತು. ಒಳಗೆ ಒಂದು ಮಡಿಸಿದ ಕಂದು ಕಾಗದ ಬಿಟ್ಟರೆ ಏನೂ ಇರಲಿಲ್ಲ. ಆದರೆ ವಾಸನೆ ಇತ್ತು. ಇಪ್ಪತ್ತೈದು ವರ್ಷದ ಹಿಂದಿನ ಚಹಾಪುಡಿಯ ವಾಸನೆ, ಅದರ ಜೊತೆಗೆ ಹಳೆಯ ಮರದ ಪೆಟ್ಟಿಗೆಯದೂ ಚೂರು... ಕಾಗದ ಬಿಡಿಸಿದೆ. ನೀಲಿ ಪೆನ್ಸಿಲಿನಲ್ಲಿ ಎರಡೇ ಪದ: ‘ಬೋರ್ ನೀರು’. ಅಕ್ಷರ ಚಾಚಾ ಅವರದು. ಕೈಯಲ್ಲಿದ್ದ ಪೊರಕೆ ಅಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಚಾಚಾ ನನಗೆ ಬಳಗವೇನಲ್ಲ. ದಾವಣಗೆರೆಯಲ್ಲಿ ನಾನು ಚಹಾಪುಡಿ ಕೊಳ್ಳುತ್ತಿದ್ದ ಅಂಗಡಿಯವರು. ಓಣಿಯೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಪಿ.ಜೆ. ಬಡಾವಣೆಯ ನನ್ನ ಬಾಡಿಗೆ ಮನೆಯಿಂದ ಹತ್ತು ನಿಮಿಷದ ದಾರಿ. ಅಂಗಡಿ ಎಷ್ಟು ಚಿಕ್ಕದೆಂದರೆ ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಚರಂಡಿಯ ಕಲ್ಲಿನ ಮೇಲೆ ನಿಲ್ಲಬೇಕು. ಮೂರು ಮರದ ಪೆಟ್ಟಿಗೆ, ಒಂದು ತಕ್ಕಡಿ, ಒಂದು ಹಿತ್ತಾಳೆ ಸೌಟು. ಬಿಳಿ ಗಡ್ಡ, ಕಿವಿಯ ಹಿಂದೆ ಸದಾ ಒಂದು ನೀಲಿ ಪೆನ್ಸಿಲು.

ಬೇರೆ ಅಂಗಡಿಯವರು ಎಷ್ಟು ಬೇಕು ಎಂದು ಕೇಳುತ್ತಾರೆ. ಚಾಚಾ ಮೊದಲು ಕೇಳುತ್ತಿದ್ದದ್ದು, “ಮನ್ಯಾಗ ಯಾವ ನೀರು, ತಾಯಿ?”

ಮೊದಲ ಸಲ ನಾನು ನಕ್ಕುಬಿಟ್ಟಿದ್ದೆ. ಅವರು ನಗಲಿಲ್ಲ. “ಹೊಳಿ ನೀರಿಗೆ ಒಂದು ಬೆರಕೆ, ಬೋರ್ ನೀರಿಗೆ ಒಂದು ಬೆರಕೆ. ಅದಕ್ಕಿದು ಹಾಕಿದ್ರೆ ಚಾ ಕೆಡ್ತೈತೆ. ಆಮ್ಯಾಲೆ ಜನ ನನ್ನ ಬೈತಾರೆ. ನೀರನ್ನ ಯಾರೂ ಬೈಯಲ್ಲ,” ಎಂದರು. ನಲ್ಲಿಯಲ್ಲಿ ಬರುವುದು ಹೊಳೆಯ ನೀರು ಎಂದೆ. ಒಂದು ಪೆಟ್ಟಿಗೆಯಿಂದ ಎರಡು ಸೌಟು, ಇನ್ನೊಂದರಿಂದ ಒಂದು. ಕಾಗದದಿಂದ ಕಾಗದಕ್ಕೆ ಮೂರು ಸಲ ಸುರಿದು ಬೆರೆಸಿ, ಪೊಟ್ಟಣ ಕಟ್ಟಿ, ಮೇಲೆ ‘ಹೊಳೆ’ ಎಂದು ಬರೆದರು. ಆ ಚಹಾದ ರುಚಿ ಹೇಗಿತ್ತೆಂದು ಈಗ ಹೇಳಲು ಹೋದರೆ ಸುಳ್ಳು ಸೇರಿಕೊಳ್ಳುತ್ತದೆ. ಬೆಳಗಿನ ಎರಡನೆಯ ಲೋಟಕ್ಕಾಗಿ ಕಾಲೇಜಿಗೆ ತಡವಾಗಿ ಹೋಗುತ್ತಿದ್ದೆ, ಅಷ್ಟು ಹೇಳಿದರೆ ಸಾಕು.

ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ರಸಾಯನಶಾಸ್ತ್ರ. ಈ ಮಾತು ಮುಂದೆ ನನ್ನ ಮಾನ ಕಳೆಯಲಿದೆ, ಆದರೂ ಹೇಳಬೇಕು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮ ಬಡಾವಣೆಯಲ್ಲಿ ಒಂದು ಸೈಬರ್ ಕೆಫೆ ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಗಾಜಿನ ಬಾಗಿಲು ತಳ್ಳಿ, ದೇವಸ್ಥಾನಕ್ಕೆ ಹೋದಂತೆ ಹೋಗಬೇಕು. ಫೋನಿನ ತಂತಿ ಕಿರುಗುಟ್ಟಿ ಕಿರುಗುಟ್ಟಿ ಕೊನೆಗೆ ಹೊರಗಿನ ಲೋಕ ಸಿಗುತ್ತಿತ್ತು. ಅಲ್ಲಿ ನನಗೆ ಚಹಾ ಪ್ರಿಯರ ಒಂದು ಇ-ಮೇಲ್ ಬಳಗ ಪರಿಚಯವಾಯಿತು. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ನೀಲಗಿರಿಯಲ್ಲಿ ಚಹಾ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು, ಪುಣೆಯ ಗೃಹಿಣಿಯೊಬ್ಬರು, ಮುಖವನ್ನೇ ನೋಡದ ಇನ್ನೂ ನೂರಾರು ಜನ. ಪರದೆಯ ಮೇಲೆ ಚಹಾದ ವಾಸನೆ ಬರುವುದಿಲ್ಲ. ಬರೆದವರ ಮಾತನ್ನು ನಂಬಬೇಕು, ಅಷ್ಟೇ. ಒಂದು ವರ್ಷ ನಾನು ಚಾಚಾ ಬಗ್ಗೆ ಬರೆದೆ, ಅವರ ಪ್ರಶ್ನೆಯ ಬಗ್ಗೆ ಬರೆದೆ. ಜನ ಓದಿ ಮೆಚ್ಚಿದರು. ‘ದಾವಣಗೆರೆಯ ಕೆಮಿಸ್ಟ್ರಿ ಮೇಡಂ’ ಎಂದರೆ ಆ ಬಳಗದಲ್ಲಿ ಒಂದು ತೂಕವಿತ್ತು. ನನಗೂ ತಲೆ ಸ್ವಲ್ಪ ತಿರುಗಿತ್ತು ಅನ್ನಿ.

ಆ ಬೇಸಿಗೆಯಲ್ಲಿ ಚಹಾ ಕೆಟ್ಟಿತು. ಬಣ್ಣ ಕಪ್ಪು, ಮೇಲೆ ಸಣ್ಣ ಪೊರೆ, ಹಾಲು ಹಾಕಿದರೆ ಕೆಸರಿನ ಬಣ್ಣ. ಎರಡು ವಾರ ಸಹಿಸಿದೆ. ಅದೇ ದಿನಗಳಲ್ಲಿ ಸೋಪು ನೊರೆ ಬಿಡುತ್ತಿರಲಿಲ್ಲ, ಸೋಪನ್ನು ಬೈದೆ. ಪಾತ್ರೆಯ ತಳಕ್ಕೆ ಬಿಳಿ ಹಿಟ್ಟು ಕಟ್ಟುತ್ತಿತ್ತು, ಪಾತ್ರೆಯನ್ನು ಬೈದೆ. ಕೊನೆಗೆ ಉಳಿದವರು ಚಾಚಾ. ಸಿಟ್ಟಿನಲ್ಲಿ ಸೈಬರ್ ಕೆಫೆಗೆ ಹೋಗಿ ಬರೆದೆ: ನಾನು ಹೊಗಳಿದ ಅಂಗಡಿಯವರು ಈಗ ಹಾಗಿಲ್ಲ, ಪುಡಿಗೆ ಏನೋ ಬೆರೆಸುತ್ತಿದ್ದಾರೆ, ಬಣ್ಣವೂ ಇರಬಹುದು, ರಸಾಯನಶಾಸ್ತ್ರ ಕಲಿಸುವವಳು ಹೇಳುತ್ತಿದ್ದೇನೆ, ನಂಬಿ.

ನಂಬಿದರು. ದೂರದವರು ನಂಬಿದ್ದರೆ ಅಷ್ಟು ಹಾನಿಯಾಗುತ್ತಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಕೂತು ಓದುವುದು ದುಬಾರಿ ಎಂದು ನಾನು ನನ್ನ ಪತ್ರಗಳನ್ನೂ ಬಂದ ಉತ್ತರಗಳನ್ನೂ ಪ್ರಿಂಟ್ ತೆಗೆಸುತ್ತಿದ್ದೆ. ತೆಗೆದುಕೊಡುತ್ತಿದ್ದವರು ಕೆಫೆಯ ಮಾಲೀಕರು. ಅವರ ಅಣ್ಣನಿಗೆ ಒಂದು ಹೋಟೆಲ್ ಇತ್ತು, ಹೋಟೆಲಿಗೆ ಚಹಾಪುಡಿ ಬರುತ್ತಿದ್ದದ್ದು ಚಾಚಾ ಅಂಗಡಿಯಿಂದ. ಇಂಟರ್ನೆಟ್ಟಿನಲ್ಲಿ ಬರೆದದ್ದು ನಮ್ಮೂರಿಗೆ ಕೇಳಿಸುವುದಿಲ್ಲ ಎಂದು ನಾನು ತಿಳಿದಿದ್ದೆ. ವಾರದೊಳಗೆ ಹೋಟೆಲಿನವರು ಪುಡಿ ತರಿಸುವುದು ನಿಲ್ಲಿಸಿದರು. ಅವರು ನಿಲ್ಲಿಸಿದ್ದನ್ನು ನೋಡಿ ಇನ್ನಿಬ್ಬರು ಗಿರಾಕಿಗಳು ನಿಲ್ಲಿಸಿದರು. ಮೇಡಮ್ಮೇ ಬರೆದಿದ್ದಾರಂತೆ ಎಂಬ ಮಾತು ಓಣಿಯಲ್ಲಿ ಓಡಾಡಿತು.

ಇದೊಂದೂ ಗೊತ್ತಿಲ್ಲದೆ, ಇನ್ನೊಂದು ಸ್ಯಾಂಪಲ್ ತಂದು ನೋಡೋಣವೆಂದು ನಾನು ಅಂಗಡಿಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಚಾಚಾ ತಲೆ ಎತ್ತಿ ನೋಡಿ, “ಎಷ್ಟು, ಮೇಡಂ?” ಎಂದರು.

ನೀರಿನ ಮಾತಿಲ್ಲ. ಪುಡಿ ತೂಗಿ, ಕಟ್ಟಿ, ಏನೂ ಬರೆಯದೆ ಕೈಗೆ ಕೊಟ್ಟರು. ಪೆನ್ಸಿಲು ಕಿವಿಯ ಹಿಂದೆಯೇ ಇತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಬಂದೆ ನಾನು. ಇವತ್ತಿಗೂ ಆ ಗಾದೆ ಯಾರಾದರೂ ಆಡಿದರೆ ನನ್ನ ಮುಖ ಬಿಸಿಯಾಗುತ್ತದೆ.

ಆ ಭಾನುವಾರ ಹರಿಹರಕ್ಕೆ ಅಕ್ಕನ ಮನೆಗೆ ಹೋದೆ. ಮೋಸವನ್ನು ಕಣ್ಣಾರೆ ತೋರಿಸೋಣವೆಂದು, ಅರ್ಧ ಉಳಿದಿದ್ದ ಹಳೆಯ ಪೊಟ್ಟಣವನ್ನೂ ಒಯ್ದಿದ್ದೆ. “ಮಾಡಿ ನೋಡಕ್ಕ, ನಿನಗೇ ತಿಳಿತೈತೆ,” ಎಂದೆ. ಅಕ್ಕ ಮಾಡಿದಳು. ಲೋಟ ಕೈಗೆ ಬಂದಾಗಲೇ ಗೊತ್ತಾಯಿತು. ಅದೇ ಹಳೆಯ ಕೆಂಪು, ಅದೇ ಘಮ.

“ಏನಾಗೇತೆ ಇದಕ್ಕೆ? ಚಲೋ ಐತಲ್ಲೇ,” ಎಂದಳು ಅಕ್ಕ. ಆಮೇಲೆ ಪೊಟ್ಟಣ ತಿರುಗಿಸಿ ನೋಡಿ, “ಇದರ ಮ್ಯಾಲೆ ಹೊಳೆ ಅಂತ ಬರ್ದಾರಲ್ಲ, ಯಾಕ?”

ಅಕ್ಕನ ಮನೆಯ ನಲ್ಲಿಗೆ ಬರುವುದು ತುಂಗಭದ್ರೆಯ ನೀರು. ನನ್ನ ಮನೆಯ ನಲ್ಲಿಗೆ? ನಾನು ಆ ಲೋಟ ಮುಗಿಸಲಾರದೆ ಹೋದೆ. ಮರಳುವ ಬಸ್ಸು ದಾರಿಯ ಬಾತಿ ಊರು ದಾಟುವಷ್ಟರಲ್ಲಿ ಸೋಪು, ಪಾತ್ರೆ, ಪೊರೆ ಎಲ್ಲ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಮನೆ ಮಾಲೀಕರ ಹೆಂಡತಿಯನ್ನು ಕೇಳಿದರೆ, “ನಲ್ಲಿ ಬರೋದು ನಿಂತು ತಿಂಗ್ಳಾತು. ಟ್ಯಾಂಕಿಗೆ ಬೋರ್ ನೀರೇ ಬಿಡ್ತೀವಿ, ನಿಮಗೆ ಗೊತ್ತಾಗ್ಲಿಲ್ಲೇನ್ರಿ?” ಎಂದರು. ಗೊತ್ತಾಗಲಿಲ್ಲ. ಗಡಸು ನೀರು, ಮೆದು ನೀರು ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರಿಗೆ ಸೊನ್ನೆ ಹಾಕುತ್ತಿದ್ದವಳಿಗೆ ಗೊತ್ತಾಗಲಿಲ್ಲ.

ಕೆಫೆ, ಹೋಟೆಲು, ಓಣಿಯ ಮಾತು ಎಲ್ಲ ಆ ಸಂಜೆ ಮನೆ ಮಾಲೀಕರ ಹೆಂಡತಿಯಿಂದಲೇ ತಿಳಿಯಿತು. ಮರುದಿನ ಕಾಲೇಜು ಬಿಟ್ಟವಳೇ ಅಂಗಡಿಗೆ ಹೋದೆ. “ತಪ್ಪು ನಂದು ಚಾಚಾ. ಮನ್ಯಾಗ ನೀರು ಬದ್ಲಾಗಿತ್ತು. ನಾ ನೋಡ್ಲಿಲ್ಲ. ನಿಮ್ಮ ಹೆಸರು ಕೆಡಿಸಿದೆ,” ಎಂದೆ. ಅವರು ತಕ್ಕಡಿಯ ತಟ್ಟೆ ಒರೆಸುತ್ತಾ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟೇ ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ನನಗ್ ಹೇಳಿದ್ರಿ, ಆತು. ಆದ್ರೆ ನಾ ಒಬ್ಬಾವ ಕೇಳ್ದೆ,” ಎಂದರು. ತಟ್ಟೆಯನ್ನು ತಕ್ಕಡಿಗೆ ಸಿಕ್ಕಿಸಿ, “ಎಲ್ಲಿ ಅಂದಿದ್ರೋ ಅಲ್ಲಿ ಅನ್ರಿ, ಮೇಡಂ.”

ಹ್ಞೂಂ ಎಂದು ಬಂದೆನೇನೋ ಸರಿ. ಹತ್ತು ದಿನ ಸೈಬರ್ ಕೆಫೆಯ ಹೊಸ್ತಿಲು ತುಳಿಯಲಿಲ್ಲ. ನಿಜ ಹೇಳುತ್ತೇನೆ, ಚಾಚಾ ಮಾನಕ್ಕಿಂತ ನನ್ನ ಮಾನದ ಚಿಂತೆಯೇ ದೊಡ್ಡದಾಗಿತ್ತು. ಮುಖ ಕಾಣದ ಜನರ ನಡುವೆ ನನಗಿದ್ದದ್ದು ಒಂದು ಮಾತು; ಅದೂ ಹೋದರೆ? ಉಪಾಯಗಳೂ ಹೊಳೆದವು. ‘ಈಗ ಪುಡಿ ಸುಧಾರಿಸಿದೆ’ ಎಂದು ಬರೆದುಬಿಡಬಹುದು. ‘ಬಹುಶಃ ಎಲ್ಲೋ ತಪ್ಪು ತಿಳಿವಳಿಕೆಯಾಗಿದೆ’ ಎನ್ನಬಹುದು. ಕಾಗದದ ಮೇಲೆ ಹಾಗೆ ಬರೆದೂ ನೋಡಿದೆ. ಓದಿದರೆ ನನ್ನ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಬೀಕರ್ ಒಡೆದು ‘ಒಡೀತು ಮೇಡಂ’ ಎನ್ನುತ್ತಿದ್ದ ಧಾಟಿಯೇ ಇತ್ತು. ಹರಿದು ಹಾಕಿದೆ.

ಹನ್ನೊಂದನೆಯ ದಿನ ಹೋಗಿ ಬರೆದೆ. ಅಂಗಡಿಯವರು ಏನೂ ಬೆರೆಸಿರಲಿಲ್ಲ. ನನ್ನ ಮನೆಯ ನೀರು ಬದಲಾಗಿತ್ತು. ನೀರಿನ ವಿಷಯ ಅವರು ಮೊದಲೇ ಹೇಳಿದ್ದರು, ಪೊಟ್ಟಣದ ಮೇಲೆ ಬರೆದೂ ಕೊಟ್ಟಿದ್ದರು. ಕಲಿಸುವ ಪಾಠವನ್ನು ನಾನು ಕಲಿತಿರಲಿಲ್ಲ. ತಪ್ಪು ಪೂರ್ತಿ ನನ್ನದು.

ಮೂರನೆಯ ದಿನ ಪುಣೆಯವರು, ಇನ್ನು ಮೇಲೆ ಈ ಮೇಡಂ ಬರೆದದ್ದನ್ನು ಸೋಸಿಕೊಂಡು ಓದಬೇಕು ಎಂದು ಬರೆದರು. ಸರಿಯಾಗಿಯೇ ಬರೆದಿದ್ದರು. ನೀಲಗಿರಿಯ ಹಿರಿಯರು ಬರೆದದ್ದು ಮೂರೇ ಸಾಲು: ನೀರಿನ ತಪ್ಪಿಗೆ ನಾನೂ ಒಂದು ಚಹಾ ತೋಟದ ಹೆಸರು ಕೆಡಿಸಿದ್ದೇನೆ, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯದು ಬೆಟ್ಟದ ಝರಿಯ ನೀರು. ನಿಮ್ಮ ಚಾಚಾ ಅವರಿಗೆ ತಿಳಿಸಿ ಒಂದು ಪೊಟ್ಟಣ ಕಳಿಸಿ.

ನನ್ನ ಪತ್ರವನ್ನೂ ಈ ಉತ್ತರಗಳನ್ನೂ ಪ್ರಿಂಟ್ ತೆಗೆಸಿದೆ. ಕೆಫೆಯ ಮಾಲೀಕರಿಗೆ ಒಂದು ಪ್ರತಿ ಕೊಟ್ಟು, “ಆ ಕಾಗದ ಓದಿದ್ರಲ್ಲ, ಇದನ್ನೂ ಓದಿ ನಿಮ್ಮಣ್ಣಾರಿಗೆ ತೋರ್ಸ್ರಿ,” ಎಂದೆ. ಅವರು ತಲೆ ತಗ್ಗಿಸಿ ತೆಗೆದುಕೊಂಡರು. ಇನ್ನೊಂದು ಪ್ರತಿ ಹಿಡಿದು ಅಂಗಡಿಗೆ ನಡೆದೆ. ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಒಂದು ಕ್ಷಣ ಕಾದೆ, ಆಮೇಲೆ ಬೇಡವೆನಿಸಿತು. ಚರಂಡಿಯ ಕಲ್ಲಿನ ಮೇಲೆ ನಿಂತೇ, ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಝರಿಯ ನೀರಿನ ಮಾತು ಬಂದಾಗ ಚಾಚಾ ಪೊಟ್ಟಣ ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

“ಝರಿ ನೀರು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. “ಅದಕ್ಕೆ ಬ್ಯಾರೇನೇ ಬೇಕು.”

ಗಿರಾಕಿಗಳು ಹೋದರು. ಚಾಚಾ ನನ್ನತ್ತ ತಿರುಗಿ, ಏನೂ ಆಗಿಲ್ಲವೆಂಬಂತೆ ಸೌಟು ಕೈಗೆ ತೆಗೆದುಕೊಂಡರು.

“ಈಗ ಮನ್ಯಾಗ ಯಾವ ನೀರು, ತಾಯಿ?”

ಆ ಪ್ರಶ್ನೆಗೆ ಉತ್ತರ ಕೊಡಲು ನನ್ನಷ್ಟು ಹೊತ್ತು ಯಾರೂ ತೆಗೆದುಕೊಂಡಿರಲಿಕ್ಕಿಲ್ಲ. ಬೋರ್ ನೀರು ಎಂದೆ. ಬೆರೆಸಿದರು, ಕಟ್ಟಿದರು, ಕಿವಿಯ ಹಿಂದಿನ ಪೆನ್ಸಿಲು ತೆಗೆದು ಬರೆದರು. ಆ ಕಾಗದವೇ ಮೊನ್ನೆ ಸಿಕ್ಕಿದ್ದು.

ಹೋಟೆಲಿನವರು ತಿಂಗಳೊಪ್ಪತ್ತಿನಲ್ಲಿ ಮರಳಿ ಬಂದರು. ಉಳಿದಿಬ್ಬರು ಬರಲೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಚಾಚಾ ಅದನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ನಾಲ್ಕು ವರ್ಷದ ನಂತರ ನನಗೆ ಬೇರೆ ಊರಿಗೆ ವರ್ಗವಾಯಿತು. ಮರಳಿ ಬರುವಷ್ಟರಲ್ಲಿ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರ್‌ಗಳು ನೇತಾಡುತ್ತಿದ್ದವು. ಚಾಚಾ ತೀರಿಹೋಗಿ ಆರು ತಿಂಗಳಾಯಿತು ಎಂದು ಪಕ್ಕದವರು ಹೇಳಿದರು. ಕೊನೆಗೊಮ್ಮೆ ನೋಡಬೇಕಿತ್ತು...

ಈಗ ನಮ್ಮ ಅಡುಗೆಮನೆಯಲ್ಲಿ ಫಿಲ್ಟರ್ ಇದೆ. ಹೊಳೆಯದಿರಲಿ, ಬೋರಿನದಿರಲಿ, ಎಲ್ಲ ನೀರನ್ನೂ ಒಂದೇ ಮಾಡಿ ಕೊಡುತ್ತದೆ. ಚಹಾಪುಡಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಡಬ್ಬಿ ಸಿಕ್ಕ ದಿನ ಸಂಜೆ ಆ ಬಳಗ ಎಲ್ಲಾದರೂ ಇದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಎಂದೋ ಮುಚ್ಚಿಹೋಗಿದೆ. ನನ್ನ ದೂರೂ ಇಲ್ಲ, ನನ್ನ ಕ್ಷಮೆಯೂ ಇಲ್ಲ. ಆದರೆ ಬಾರದೆ ಹೋದ ಆ ಇಬ್ಬರ ಮನೆಯಲ್ಲಿ, ಅವರು ಹೇಳಿದ ಇನ್ನಾರದೋ ಮನೆಯಲ್ಲಿ, ಆ ಚಾಚಾ ಸಾಹೇಬರ ಪುಡಿಯಲ್ಲಿ ಬಣ್ಣ ಇತ್ತಂತೆ ಎಂಬ ಮಾತು ಇನ್ನೂ ಉಳಿದಿರಬಹುದು.

ಎಲ್ಲಿ ಅಂದೆನೋ ಅಲ್ಲಿ ಮತ್ತೊಮ್ಮೆ ಅನ್ನೋಣವೆಂದರೆ ಆ ಜಾಗವೇ ಇಲ್ಲ, ಚಾಚಾ. ಅದಕ್ಕೇ ಇಲ್ಲಿ ಅಂದಿದ್ದೇನೆ. ಪುಡಿ ಸರಿಯಾಗಿಯೇ ಇತ್ತು.